ಮಡಕೆಯ ಮೇಲಣ ಉಬ್ಬುಚಿತ್ರವೂ ಪ್ರತಿಬಂಧಲೇಪವೂ

ಪ್ರಾಚೀನವಸ್ತುಗಳನ್ನು ವರ್ಣಿಸುವ ನಮ್ಮ ಲೇಖನಗಳಲ್ಲಿ ಮಡಕೆಯ ಮೇಲಣ ಚಿತ್ರವನ್ನು ಕುರಿತು 'ಬರೆದುದು', 'ಕೊರೆದುದು' ಎಂಬ ಎರಡು ಮಾತುಗಳೇ ಸಾಮಾನ್ಯವಾಗಿ ಕಂಡುಬರುವುವು. ಬಣ್ಣವಿದ್ದರೆ ಬರೆದುದು, ತಗ್ಗುದಿಣ್ಣೆಗಳಿದ್ದರೆ ಕೊರೆದುದು ಎಂದು ಓದುವವರೂ ಗ್ರಹಿಸುತ್ತಾರೆ. ಆದರೆ ಬರೆಯದೆಯೂ ಕೊರೆಯದೆಯೂ ಚಿತ್ರವನ್ನು ನಿಲ್ಲಿಸುವ ಮತ್ತೊಂದು ಮಾರ್ಗವುಂಟು. ಚಿತ್ರವಾಗಬೇಕಾದ ಸ್ಥಳವನ್ನು ಮೇಣದಿಂದಲೋ ಅರಗಿನಿಂದಲೋ ಕಾಗದದ ತುಂಡಿನಿಂದಲೋ ಮೊದಲು ಮುಚ್ಚಿಟ್ಟು, ಆಮೇಲೆ ಬಣ್ಣ, ಮೆರುಗು, ನೀರು ಇವುಗಳಲ್ಲಿ ಯಾವುದಾದರೊಂದನ್ನು ಮಿಕ್ಕ ಸ್ಥಳದ ಮೇಲೆ ಪ್ರಯೋಗಿಸುವುದೇ ಆ ಮಾರ್ಗ. ಆಂಗ್ಲರು ಇದನ್ನು 'ರೆಸಿಸ್ಟ್' ಎಂದು ಕರೆಯುವರು. ಕನ್ನಡದಲ್ಲಿ ಇದಕ್ಕೆ 'ವಿರೋಧ' ಎಂದರೆ ಹಗೆತನದ ಅರ್ಥ ಬರುವುದು. 'ನಿರೋಧ' ಎಂದರೆ ಯೋಗಶಾಸ್ತ್ರದ ನೆನಪಾಗುವುದು. ಆದಕಾರಣ ಈ ಲೇಖನದಲ್ಲಿ 'ಪ್ರತಿಬಂಧಲೇಪ'ವೆಂಬ ಹೆಸರನ್ನು ಉಪಯೋಗಿಸಿದ್ದೇನೆ. 'ತಡೆಲೇಪ'ವೆಂದರೂ ಸಲ್ಲುವುದು.

ಮೀಮಾಂಸೆಯ ಪರಿಚಯವುಳ್ಳವರಿಗೆ ಇದರ ಸ್ವರೂಪವನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ನಿಷೇಧಾರ್ಥಕವಾದ ನಞ್ ಎರಡು ಬಗೆಯಾಗಿ ಅನ್ವಯಿಸುವುದಷ್ಟೆ. ಕ್ರಿಯೆಯನ್ನೇ ತಡೆದರೆ ಅದು ಪ್ರಸಜ್ಯಪ್ರತಿಷೇಧ. ಒಂದನ್ನು ಹೊರತುಮಾಡಿ ಮಿಕ್ಕುದರಲ್ಲಿ ಕ್ರಿಯೆಯನ್ನು ವಿಧಿಸಿದರೆ ಅದು ಪರ್ಯುದಾಸ. 'ಅನಶ್ವವನ್ನು ತಾ' ಎಂದರೆ ಏನನ್ನೂ ತರಬೇಡವೆಂದಲ್ಲ. ಕುದುರೆಯಲ್ಲದ ಬೇರೊಂದನ್ನು ತಾ ಎಂದು. ಪ್ರತಿಬಂಧಲೇಪದ ಚಿತ್ರವು ಪರ್ಯುದಾಸದ ಚಿತ್ರ. ಕುಶಲಿಯು ಕೆಲಸಮಾಡುವುದು ಚಿತ್ರದ ಮೇಲಲ್ಲ, ಚಿತ್ರವಲ್ಲದುದರ ಮೇಲೆ. ಚಿತ್ರವು ಹೊರತಾಗಿ ಉಳಿದುದರಿಂದಲೇ ಕಾಣಿಸಿಕೊಳ್ಳುವುದು.

ಇದು ಕೇವಲ ಶಬ್ದಚರ್ಚೆಯಲ್ಲ. ಒಂದು ಬೋಕಿಯ ಮೇಲಣ ಗೆರೆಯು ಬರೆದುದೋ, ಕೊರೆದುದೋ, ಹೊರತಾಗಿ ಉಳಿದುದೋ ಎಂಬ ನಿರ್ಣಯವು ಆ ಬೋಕಿಯನ್ನು ಯಾವ ಯಾವ ದೇಶದ ಬೋಕಿಗಳೊಡನೆ ಸೇರಿಸಬೇಕೆಂಬುದನ್ನು ಗೊತ್ತುಮಾಡುವುದು. ಇದರಲ್ಲಿ ತಪ್ಪಿದರೆ ಇಲ್ಲದ ಸಂಬಂಧಗಳು ಹುಟ್ಟಿಕೊಳ್ಳುವುವು. ನಾನೇ ಹಿಂದೊಮ್ಮೆ ಹೀಗೆ ತಪ್ಪಿದ್ದೇನೆ. ಉಪಾಧ್ಯಾಯರ ಸಭೆಯೊಂದರಲ್ಲಿ ಬ್ರಹ್ಮಗಿರಿಯ ಮಡಕೆಗಳ ಬಿಳಿಯ ಗೆರೆಗಳು ಮೇಣದ ತಡೆಯಿಂದ ಆದುವೆಂದು ಹೇಳಿ, ಅದರ ಮೇಲೆ ದೊಡ್ಡದೊಂದು ಊಹೆಯನ್ನೂ ಕಟ್ಟಿದ್ದೆ. ಅದನ್ನು ಇಲ್ಲಿ ತಿದ್ದಿಕೊಳ್ಳುವುದೂ ಈ ಲೇಖನದ ಉದ್ದೇಶಗಳಲ್ಲೊಂದು.

ಮೊದಲು ಉಬ್ಬುಚಿತ್ರದ ವಿಚಾರ. ಮಣ್ಣಿನ ಪಾತ್ರೆಯ ಮೈಮೇಲೆ ಒಂದು ಆಕಾರವು ಎದ್ದು ನಿಲ್ಲಬೇಕಾದರೆ ಎರಡೇ ಉಪಾಯಗಳುಂಟೆಂದು ತೋರುವುದು: ಆಕಾರದೆಡೆಯಲ್ಲಿ ಮಣ್ಣನ್ನು ಕೂಡಿಸುವುದು, ಇಲ್ಲವೆ ಸುತ್ತಲಿನ ಮಣ್ಣನ್ನು ಕಳೆಯುವುದು. ಇವನ್ನು ಉಪಚಯ, ಅಪಚಯ ಎನ್ನೋಣ.

ಉಪಚಯಕ್ಕೆ ವೇದವಾಙ್ಮಯದಲ್ಲಿಯೇ ಸೊಗಸಾದ ಉದಾಹರಣೆಯಿದೆ. ಅಗ್ನಿಚಯನದಲ್ಲಿ ಬೆಂಕಿಯನ್ನಿಟ್ಟು ಧರಿಸತಕ್ಕ ಉಖೆಯೆಂಬ ಪಾತ್ರೆಯನ್ನು ಮಾಡುವ ಕ್ರಮವನ್ನು ಶತಪಥಬ್ರಾಹ್ಮಣವು ತನ್ನ ಆರನೆಯ ಕಾಂಡದಲ್ಲಿ ವಿಸ್ತಾರವಾಗಿ ವಿವರಿಸುವುದು. ತಳ, ಅದರ ಮೇಲೆ ಗೋಡೆ ಎಂದು ಹಂತಹಂತವಾಗಿ ಮಣ್ಣನ್ನೇರಿಸಿ, ಮೇಲ್ಭಾಗದಲ್ಲಿ ಅಡ್ಡಲಾಗಿ ರಾಸ್ನೆಯೆಂಬ ಪಟ್ಟಿಯನ್ನು ಸುತ್ತಿಸಿ, ಅದಕ್ಕೆ ತಗಲುವಂತೆ ನಾಲ್ಕು ನಿಲುವು ಪಟ್ಟಿಗಳನ್ನೆತ್ತಿ, ಅವುಗಳ ತುದಿಯಲ್ಲಿ ಸ್ತನಾಕಾರಗಳನ್ನು ನಿಲ್ಲಿಸುವುದು ಅಲ್ಲಿಯ ವಿಧಿ. ಉಖೆಯನ್ನು ಹಸುವೆಂದು ಭಾವಿಸುವುದರಿಂದ ಈ ಸ್ತನಗಳು ಅಲ್ಲಿ ಅಲಂಕಾರಮಾತ್ರವಲ್ಲ. ಆದರೂ ಶಿಲ್ಪದೃಷ್ಟಿಯಿಂದ ಇವು ಮಣ್ಣಿಗೆ ಮಣ್ಣನ್ನು ಹತ್ತಿಸಿ ಮಾಡಿದ ಉಬ್ಬುಕೆಲಸವೇ ಸರಿ. ಪ್ರವರ್ಗ್ಯದ ಮಹಾವೀರಪಾತ್ರೆಯನ್ನೂ ಕೈಯಿಂದಲೇ ರೂಪಿಸುವರು. ಹುತ್ತದ ಮಣ್ಣು, ಹಂದಿ ಕೆದರಿದ ಮಣ್ಣು, ಆಡಿನ ಹಾಲು ಮೊದಲಾದುವು ಅದರ ಸಾಮಗ್ರಿ. ಕುಂಬಾರನು ತಿಗುರಿಯ ಮೇಲೆ ಮಾಡಿದ ಪಾತ್ರೆಯು ಆಸುರವೆಂಬ ಭಾವನೆ ಮೈತ್ರಾಯಣೀಸಂಹಿತೆಯಲ್ಲಿ ಬರುವುದನ್ನು ವೇದಾಧ್ಯಾಯಿಗಳು ಬಲ್ಲರು. ತಿಗುರಿಯು ಬಳಕೆಗೆ ಬಂದಮೇಲೂ ಯಜ್ಞಶಾಲೆಯಲ್ಲಿ ಕೈಕೆಲಸದ ಹಳೆಯ ರೀತಿಯನ್ನೇ ಕಾಪಾಡಿಕೊಂಡರೆಂಬುದಕ್ಕೆ ಇದೊಂದು ಗುರುತು.

ಅಪಚಯಕ್ಕೆ ಉತ್ತರ ಚೀನದ ಸಿಝೌ ಪಾತ್ರೆಗಳನ್ನು ತೋರಿಸಬಹುದು. ಸೊಂಗ್ ರಾಜವಂಶದ ಕಾಲದಲ್ಲಿ (ಕ್ರಿ.ಶ. ೯೬೦–೧೨೭೯) ಹೆಸರಾದ ಈ ಪಾತ್ರೆಗಳಲ್ಲಿ ಕಂದು ಅಥವಾ ಬೂದು ಬಣ್ಣದ ಒಡಲಿನ ಮೇಲೆ ಬಿಳಿಯ ಮಣ್ಣಿನ ತಿಳಿಯನ್ನು ಬಳಿದು, ಅದು ಆರುತ್ತಿರುವಾಗಲೇ ಹೂಬಳ್ಳಿಗಳ ಸುತ್ತಲಿನ ಬಿಳುಪನ್ನು ಅಲಗಿನಿಂದ ಹೆರೆದು ತೆಗೆಯುತ್ತಿದ್ದರು. ಹೂವು ಬೆಳ್ಳಗೆ ಸ್ವಲ್ಪ ಎತ್ತರದಲ್ಲಿ ಉಳಿಯುವುದು. ಹಿನ್ನೆಲೆಯು ಒಡಲಿನ ಬಣ್ಣವನ್ನು ತೋರುವುದು. ಅಲಗು ಓಡಿದ ಗುರುತು ಅಲ್ಲಿ ಸ್ಪಷ್ಟವಾಗಿರುವುದು.

ಪ್ರತಿಬಂಧಲೇಪವು ಉಪಚಯಾಪಚಯಗಳೆರಡಕ್ಕೂ ಹೊರಗಿನದಲ್ಲ, ಎರಡರೊಡನೆಯೂ ಕೂಡಿಕೊಳ್ಳಬಲ್ಲುದು. ಇದನ್ನು ಗಮನಿಸದಿರುವುದರಿಂದಲೇ ಬಹಳ ತೊಡಕಾಗಿದೆ. ತಡೆಯನ್ನು ಬಳಿದಮೇಲೆ ನಡೆಯುವ ಕ್ರಿಯೆಯು ಕೂಡಿಸುವ ಕ್ರಿಯೆಯಾದರೆ, ಎಂದರೆ ಮಣ್ಣಿನ ತಿಳಿಯನ್ನೋ ಗಾಜಿನ ಮೆರುಗನ್ನೋ ಹೊದಿಸುವುದಾದರೆ, ಸುತ್ತಲಿನ ಸ್ಥಳವು ಏರುವುದು, ತಡೆಯಿದ್ದ ಸ್ಥಳವು ತಗ್ಗಾಗಿ ಉಳಿಯುವುದು. ಅದು ಕಳೆಯುವ ಕ್ರಿಯೆಯಾದರೆ ಸುತ್ತಲಿನ ಸ್ಥಳವು ಸವೆಯುವುದು, ತಡೆಯಿದ್ದ ಸ್ಥಳವು ಉಬ್ಬಾಗಿ ನಿಲ್ಲುವುದು. ತಡೆಯೊಂದೇ, ಫಲವು ವಿಪರೀತ.

ಮೊದಲನೆಯ ಬಗೆಗೆ ಜಗತ್ತಿನಲ್ಲಿ ಹೇರಳವಾಗಿ ನಿದರ್ಶನಗಳಿವೆ. ದಕ್ಷಿಣ ಚೀನದ ಜಿಯಾಂಗ್ಸಿ ಪ್ರಾಂತದ ಜಿಆನ್ ಬಳಿಯ ಯೊಂಗ್ಹೆ ಎಂಬ ಊರಿನಲ್ಲಿ ಜಿಝೌ ಆವಿಗೆಗಳಿದ್ದುವು. (ಮೇಲೆ ಹೇಳಿದ ಸಿಝೌ ಬೇರೆ, ಈ ಜಿಝೌ ಬೇರೆ, ಹೆಸರಿನ ಸಾಮ್ಯದಿಂದ ಮೋಸಹೋಗಬಾರದು.) ದಕ್ಷಿಣ ಸೊಂಗ್ ಕಾಲದಲ್ಲಿ, ಎಂದರೆ ಕ್ರಿ.ಶ. ೧೧೨೭ರಿಂದ ೧೨೭೯ರವರೆಗೆ, ಇಲ್ಲಿಯ ಕುಶಲಿಗಳು ಚಹದ ಬಟ್ಟಲುಗಳಿಗೆ ಕರಿಗಂದು ಮೆರುಗನ್ನು ಹೊದಿಸಿ, ಅದರ ಮೇಲೆ ಹೂವು, ಹಕ್ಕಿ, ಮಂಗಳಾಕ್ಷರ ಮೊದಲಾದುವನ್ನು ಕಾಗದದಲ್ಲಿ ಕತ್ತರಿಸಿ ಅಂಟಿಸಿ, ಮೇಲೆ ಬೂದಿಯ ಮೆರುಗನ್ನು ಎರಚಿ, ಕಾಗದವನ್ನು ಕಿತ್ತು ಸುಡುತ್ತಿದ್ದರು. ಕಾಗದವಿದ್ದ ಎಡೆಯಲ್ಲಿ ಕರಿಯ ಚಿತ್ರವು ಉಳಿಯುವುದು. ಸುತ್ತಲೂ ಆಮೆಯ ಚಿಪ್ಪಿನಂತೆ ಹಳದಿಗಂದಿನ ಮಚ್ಚೆಗಳಾಗುವುವು. ಜಪಾನಿನ ಬೌದ್ಧವಿಹಾರಗಳಲ್ಲಿ ಈ ಬಟ್ಟಲುಗಳಿಗೆ ಬಹಳ ಗೌರವ. ಕ್ಯೋಟೋ ನಗರದ ಶೋಕೋಕುಜಿ ವಿಹಾರದಲ್ಲಿರುವ ಒಂದು ಬಟ್ಟಲು ಆ ದೇಶದ ರಾಷ್ಟ್ರನಿಧಿಗಳಲ್ಲಿ ಸೇರಿದೆ.

ಸ್ಪೇನಿನಲ್ಲಿ ಮುಸಲ್ಮಾನ ಅರಸರ ಕಾಲದಿಂದ, ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಮೊದಲ್ಗೊಂಡು, ಬೇರೊಂದು ಉಪಾಯವು ರೂಢಿಯಲ್ಲಿತ್ತು. ಮ್ಯಾಂಗನೀಸಿನ ಕರಿಯ ಪುಡಿಯನ್ನು ಜಿಡ್ಡಿನಲ್ಲಿ ಕಲಸಿ ಚಿತ್ರದ ಅಂಚುಗೆರೆಗಳನ್ನೆಳೆಯುವರು. ಗೆರೆಗಳ ನಡುವಣ ಒಂದೊಂದು ಕೋಣೆಯಲ್ಲಿಯೂ ಒಂದೊಂದು ಬಣ್ಣದ ಮೆರುಗನ್ನು ತುಂಬುವರು. ನೀರಿನಲ್ಲಿ ಕದಡಿದ ಮೆರುಗು ಜಿಡ್ಡಿನ ಗೆರೆಯನ್ನು ದಾಟಲಾರದು. ಆವಿಗೆಯಲ್ಲಿ ಜಿಡ್ಡು ಉರಿದುಹೋಗಿ ಕರಿಯ ಗೆರೆಯು ಒಣಗಿದಂತೆ ನಿಲ್ಲುವುದು. ಆದುದರಿಂದಲೇ ಇದಕ್ಕೆ ಸ್ಪೇನಿಯರು 'ಕುವೆರ್ದಾ ಸೆಕಾ', ಎಂದರೆ ಒಣಹಗ್ಗವೆಂಬ ಹೆಸರನ್ನಿಟ್ಟರು. ಇಲ್ಲಿ ಗೆರೆಯು ತಗ್ಗಿನಲ್ಲಿಯೂ ಬಣ್ಣದ ಕೋಣೆಗಳು ಅದರ ಎರಡು ಪಕ್ಕಗಳಲ್ಲಿ ತುಸು ಉಬ್ಬಿಯೂ ಇರುವುವು. ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಇದೇ ತತ್ತ್ವದ ಕೆಲಸವು ಸಮರಕಂದದ ಸಮಾಧಿಮಂದಿರಗಳಲ್ಲಿಯೂ, ಹದಿನೇಳನೆಯ ಶತಮಾನದಲ್ಲಿ ಇಸ್ಫಹಾನಿನ ಮಸೀದಿಗಳಲ್ಲಿಯೂ, ನಮ್ಮ ದೇಶದ ಕಾಶ್ಮೀರದಲ್ಲಿ ಹಾಗೂ ಆಗ ಒಂದೇ ಮೊಗಲ್ ರಾಜ್ಯಕ್ಕೆ ಸೇರಿದ್ದ ಲಾಹೋರಿನಲ್ಲಿಯೂ ಕಾಣಬರುವುದು. ಸ್ಪೇನಿನವರು ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಈ ಜಿಡ್ಡಿನ ಗೆರೆಯನ್ನು ಬಿಟ್ಟು, ಅಚ್ಚಿನಿಂದೊತ್ತಿ ಮಣ್ಣಿನಲ್ಲಿಯೇ ಸಣ್ಣ ಏರಿಗಳನ್ನೆಬ್ಬಿಸಿ, ಅವುಗಳ ನಡುವೆ ಮೆರುಗನ್ನು ತುಂಬಲಾರಂಭಿಸಿದರು. ಸೆವಿಲ್ಲೆಯ ಕಾಸಾ ದೆ ಪಿಲಾತೋಸ್ ಎಂಬ ಅರಮನೆಯ ಗೋಡೆಗಳಲ್ಲಿ ೧೫೩೦ರ ದಶಕದ ಇಂತಹ ಬಿಲ್ಲೆಗಳು ಸಾಲುಸಾಲಾಗಿವೆ. ಜಿಡ್ಡಿನ ತಡೆಯು ಹೋಗಿ ಏರಿಯ ತಡೆಯು ಬಂತು; ತಗ್ಗುಗೆರೆಯು ಉಬ್ಬುಗೆರೆಯಾಯಿತು. ಒಂದೇ ಊರಿನ ಒಂದೇ ಕಸುಬಿನಲ್ಲಿ ನಡೆದ ಈ ಪರಿವರ್ತನೆಯು ಮೇಲೆ ಹೇಳಿದ ತತ್ತ್ವಕ್ಕೆ ಒಳ್ಳೆಯ ವ್ಯಾಖ್ಯಾನದಂತಿದೆ.

ಮಧ್ಯ ಅಮೆರಿಕದ ಉಸುಲುತಾನ್ ಪಾತ್ರೆಗಳ ಅಲೆಗೆರೆಗಳನ್ನೂ, ಪೆರುವಿನ ರೆಕ್ವಾಯ್ ಪಾತ್ರೆಗಳ ವಿಪರೀತಚಿತ್ರಗಳನ್ನೂ ಈ ವರ್ಗದಲ್ಲಿ ಎಣಿಸುವುದು ರೂಢಿ. ಜಪಾನಿನ ಮಾಶಿಕೊದಲ್ಲಿದ್ದ ಹಮಾದಾ ಶೋಜಿ (೧೮೯೪–೧೯೭೮) ಎಂಬ ಪ್ರಸಿದ್ಧ ಕುಶಲಿಯು ಮೇಣದ ತಡೆಯನ್ನು ಕುಂಚದಿಂದ ಒಂದೇ ಬೀಸಿನಲ್ಲಿ ಬಳಿದು ಮೆರುಗಿನಲ್ಲಿ ಅದ್ದುತ್ತಿದ್ದ ರೀತಿಯು ಈ ಕಾಲದ ಕೈಗೆಲಸದವರಿಗೆಲ್ಲ ಪರಿಚಿತವಾದುದು.

ಇನ್ನು ನಮ್ಮ ನೆಲದ ಬೋಕಿಗಳಿಗೆ ಬರೋಣ. ಕ್ರಿ.ಪೂ. ಮೂರನೆಯ ಸಹಸ್ರಮಾನದ ಮೊಹೆಂಜೊದಾರೊ ಪಟ್ಟಣದ ಅಗೆತಗಳಲ್ಲಿ ಮೆಕೇ ಎಂಬ ಪಂಡಿತರಿಗೂ, ಮುಂದೆ ಕಚ್ಛದ ಸುರ್ಕೋಟಡ ಮುಂತಾದ ಸ್ಥಳಗಳಲ್ಲಿ ಅಗೆದವರಿಗೂ ಒಂದು ವಿಶೇಷದ ಪಾತ್ರೆ ದೊರೆಯಿತು. ಒಂದು ಬಣ್ಣದ ಮೈಮೇಲೆ ಮತ್ತೊಂದು ಬಣ್ಣದ ಮಣ್ಣುತಿಳಿಯನ್ನು ಹೊದಿಸಿ, ಅದು ಹಸಿಯಾಗಿರುವಾಗಲೇ ಬಾಚಣಿಗೆಯಂತಹ ಉಪಕರಣದಿಂದ ಅಲ್ಲಲ್ಲಿ ಎಳೆದು ತೆಗೆದಿದ್ದಾರೆ. ಅಲೆಯಲೆಯಾದ ಪಟ್ಟೆಗಳು ಕೆಳಗಿನ ಬಣ್ಣವನ್ನು ತೋರುವುವು. ತಿಳಿಯು ಉಳಿದ ಪಟ್ಟೆಗಳು ಬೆರಳಿಗೆ ತುಸು ಉಬ್ಬಾಗಿ ಸಿಕ್ಕುವುವು. ಇಂತಹುದೇ ಕೆಲಸವು ಮೆಸೊಪೊಟೇಮಿಯದಲ್ಲಿಯೂ ಉರುಕ್ ಯುಗದ ಕೊನೆಯಿಂದ ಕಂಡುಬರುವುದು. ಪಾಶ್ಚಾತ್ಯರು ಇದಕ್ಕಿಟ್ಟ ಹೆಸರಿನಲ್ಲಿ 'ಉಳಿಸಿದ ಲೇಪ'ವೆಂಬ ಅರ್ಥವಿರುವುದರಿಂದ ಇದನ್ನು ಪ್ರತಿಬಂಧಲೇಪವೆಂದು ಭಾವಿಸುವುದು ಸುಲಭ. ಆದರೆ ಇಲ್ಲಿ ತಡೆಯೆಂಬುದೇ ಇಲ್ಲ. ಒರಸಿ ತೆಗೆದುದು, ಅಷ್ಟೆ. ಸಿಝೌ ಪಾತ್ರೆಯಲ್ಲಿ ಅಲಗು ಮಾಡಿದ ಕೆಲಸವನ್ನು ಇಲ್ಲಿ ಬಾಚಣಿಗೆ ಮಾಡಿದೆ. ಅಪಚಯವೆಂಬುದು ನಿಜ, ಪರ್ಯುದಾಸವಲ್ಲ.

ಚಿತ್ರದುರ್ಗದ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿರುವ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದುದು. ಅಲ್ಲಿಯೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ಮೈಸೂರಿನ ಎಂ. ಎಚ್. ಕೃಷ್ಣ ಅವರು ಮೊದಲು ಅಗೆಯಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಮತ್ತೆ ಅಗೆಯಿಸಿ ಮೂರು ಸಂಸ್ಕೃತಿಗಳ ಪರಂಪರೆಯನ್ನು ತೋರಿಸಿಕೊಟ್ಟರು. ಎಲ್ಲಕ್ಕೂ ಕೆಳಗೆ ಕಲ್ಲುಗೊಡಲಿಯ ಜನರ ಮಡಕೆಗಳು, ಬಹುಮಟ್ಟಿಗೆ ಕೈಯಿಂದಲೇ ಮಾಡಿದುವು. ಅವುಗಳ ಮೇಲೆ ದೊಡ್ಡ ಕಲ್ಲುಗೋರಿಗಳ ಜನರ ಕರಿಕೆಂಪಿನ ಮಡಕೆಗಳು. ಇವರ ಕಾಲವನ್ನು ವೀಲರ್ ಅವರು ಕ್ರಿ.ಪೂ. ಎರಡನೆಯ ಶತಮಾನದಿಂದೀಚೆಗೆ ಎಣಿಸಿದ್ದರು. ಮುಂದಿನ ಸಂಶೋಧನೆಗಳಿಂದ ಅದು ಬಹಳ ಹಿಂದಕ್ಕೆ ಸರಿದಿದೆ. ಎಲ್ಲಕ್ಕೂ ಮೇಲೆ ಕ್ರಿಸ್ತಶಕದ ಮೊದಲ ಶತಮಾನಗಳ, ಶಾತವಾಹನರ ಕಾಲದ ಮಡಕೆಗಳು. ನನ್ನನ್ನು ತಪ್ಪುದಾರಿಗೆಳೆದುವು ಈ ಕೊನೆಯವು.

ಇವುಗಳ ಮೈ ಜಾಜಿನ ಕೆಂಗಂದು. ಅದರ ಮೇಲೆ ಬಿಳಿಯ ಸಣ್ಣ ಗೆರೆಗಳು ಜಾಲದಂತೆ, ಅಡ್ಡಗಟ್ಟಿದಂತೆ, ಒಮ್ಮೊಮ್ಮೆ ಬಾಗಿದಂತೆ ಓಡುವುವು. ಗೆರೆಯು ಲೇಪದ ಮೇಲೆ ಬಂದುದಲ್ಲ, ಲೇಪದೊಳಗಿನಿಂದ ಕಾಣುವುದು. ಲೇಪಕ್ಕೆ ಮೊದಲೇ ಗೆರೆಯ ಕೆಲಸ ಮುಗಿದಿತ್ತೆಂಬುದು ಇದರಿಂದ ಸಿದ್ಧ. ಇಷ್ಟನ್ನು ಕಂಡು, ಮೊದಲು ಮೇಣದಿಂದ ಗೆರೆಯೆಳೆದು ಆಮೇಲೆ ಜಾಜನ್ನು ಬಳಿದಿರಬೇಕು, ಮೇಣವಿದ್ದೆಡೆ ಜಾಜು ಹತ್ತದೆ ಬೆಳ್ಳಗೆ ಉಳಿದಿರಬೇಕು ಎಂದು ನಾನು ನಿಶ್ಚಯಿಸಿಬಿಟ್ಟೆ. ಬಟ್ಟೆಗೆ ಮೇಣ ಹಚ್ಚಿ ಬಣ್ಣವದ್ದುವ ಪದ್ಧತಿಯನ್ನು ಕೇಳಿ ತಿಳಿದಿದ್ದುದರಿಂದ ಆ ಸಾದೃಶ್ಯವೂ ಸಹಾಯಮಾಡಿತು. ಸಭೆಯಲ್ಲಿ ನನ್ನ ಮಾತು ಮುಗಿದಮೇಲೆ ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಯೊಬ್ಬನು ಎದ್ದು, "ಪಂಡಿತರೆ, ಮೇಣ ಉರಿದುಹೋದಮೇಲೆ ಅಲ್ಲಿ ಕಾಣಬೇಕಾದುದು ಮಡಕೆಯ ಮಣ್ಣಿನ ಬಣ್ಣವಲ್ಲವೆ? ಆ ಬಿಳುಪು ಯಾವ ಮಣ್ಣಿನದು?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಸಮಯವಾಯಿತೆಂದು ಅಧ್ಯಕ್ಷರು ನನ್ನನ್ನು ಕಾಪಾಡಿದರು.

ಆ ಹುಡುಗನು ಹೇಳಿದುದೇ ಸರಿ. ಈ ಮಡಕೆಗಳ ಒಡಲು ಬಿಳಿಯದಲ್ಲ. ಮುರಿದ ಅಂಚನ್ನು ನೋಡಿದರೆ ಕೆಂಪೋ ಕಪ್ಪೋ ಬೂದಿಯೋ ಕಾಣುವುದಲ್ಲದೆ ಬಿಳುಪು ಕಾಣದು. ಬಿಳಿಯ ಗೆರೆಯು ಬೇರೆಯ ಬಿಳಿಮಣ್ಣಿನಿಂದ ಬರೆದ ಗೆರೆ. ಅದರ ಮೇಲೆ ಜಾಜಿನ ತೆಳುವಾದ ತಿಳಿಯನ್ನು ಹೊದಿಸಿದ್ದಾರೆ. ವೀಲರ್ ಅವರೂ ತಮ್ಮ ವರದಿಯಲ್ಲಿ ಇದನ್ನೇ ಹೇಳಿರುವರು. ನಾನು ಆ ವರದಿಯ ಚಿತ್ರಗಳನ್ನು ನೋಡಿದ್ದೆನೇ ಹೊರತು ಮಾತುಗಳನ್ನು ಸಾವಧಾನವಾಗಿ ಓದಿರಲಿಲ್ಲ. ಆದುದರಿಂದ ಬ್ರಹ್ಮಗಿರಿಯ ಗೆರೆಯು ಉಪಚಯದ ಗೆರೆ; ಪ್ರತಿಬಂಧದ್ದಲ್ಲ. ಅದರ ಆಧಾರದ ಮೇಲೆ ನಾನು ಊಹಿಸಿದ್ದ ಬಟ್ಟೆಗಾರ ಕುಂಬಾರರ ವಿದ್ಯಾವಿನಿಮಯವು ಬಿದ್ದುಹೋಯಿತು.

ಬೇಕೆನಿಸಿದರೆ ಪ್ರತಿಬಂಧವನ್ನು ನಡುವಣ ಕರಿಕೆಂಪು ಮಡಕೆಗಳಲ್ಲಿ ಹುಡುಕಬಹುದು. ಅವುಗಳ ಒಳಮೈಯೂ ಬಾಯಿಯೂ ಕಪ್ಪು, ಹೊರಗೆ ಕೆಳಭಾಗವು ಕೆಂಪು. ಬಾಯಿ ಕೆಳಗಾಗಿ ಕವಿಚಿಟ್ಟು ಸುಟ್ಟುದರಿಂದ ಹೀಗಾಯಿತೆಂಬುದು ಬಹುಜನರ ಅಭಿಪ್ರಾಯ. ಮುಚ್ಚಿಹೋದ ಭಾಗಕ್ಕೆ ಗಾಳಿ ತಗಲದೆ ಕಪ್ಪಾಯಿತು, ತಗಲಿದ ಭಾಗವು ಕೆಂಪಾಯಿತು. ಅಲ್ಲಿ ತಡೆಯಲ್ಪಟ್ಟುದು ಬಣ್ಣವಲ್ಲ, ವಾಯು. ಆದರೆ ಇದನ್ನು ಅಲಂಕಾರವೆಂದು ಕರೆಯುವುದು ಸ್ವಲ್ಪ ಎಳೆದಾಟವಾದೀತು.

ಗುರುತಿಸುವ ಲಕ್ಷಣಗಳನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಶಾಲೆಗಳಲ್ಲಿ ಬೋಕಿಗಳನ್ನು ಕೂಡಿಸಿಟ್ಟಿರುವ ಉಪಾಧ್ಯಾಯರಿಗೆ ಉಪಯೋಗಕ್ಕೆ ಬಂದೀತು. ಬರೆದ ಗೆರೆಗಳೆರಡು ಒಂದನ್ನೊಂದು ದಾಟುವೆಡೆಯಲ್ಲಿ ಬಣ್ಣವು ಎರಡು ಪದರವಾಗುವುದರಿಂದ ಗಾಢವಾಗುವುದು. ತಡೆಯಿಂದಾದ ಗೆರೆಗಳು ದಾಟುವೆಡೆಯಲ್ಲಿ ಗಾಢತೆಯಿರದು. ಬರಿದಾದ ನೆಲಕ್ಕೆ ಎರಡು ಪದರವೆಲ್ಲಿಯದು? ಮೇಣ ಬಳಿದ ಸ್ಥಳದಲ್ಲಿ ಲೇಪದ ಸಣ್ಣ ಹನಿಗಳು ತಾವರೆಯೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು, ಸುಟ್ಟಮೇಲೆ ಚುಕ್ಕೆಗಳಾಗಿ ಉಳಿದಿರುವುದೂ ಉಂಟು. ಈ ಲಕ್ಷಣಗಳನ್ನೇ ನೆಚ್ಚಬೇಕಾದುದೇಕೆಂದರೆ, ತಡೆಯ ದ್ರವ್ಯವು ಆವಿಗೆಯಲ್ಲಿ ಪೂರ್ಣವಾಗಿ ಉರಿದುಹೋಗುವುದು. ಸಾಕ್ಷಿಯು ತನ್ನ ಕೆಲಸವನ್ನು ಮುಗಿಸಿ ಸಭೆಯಿಂದ ಎದ್ದುಹೋದಂತೆ.

ಇನ್ನು ಎರಡನೆಯ ಬಗೆ, ತಡೆಯ ಸುತ್ತಲೂ ಮಣ್ಣನ್ನು ಕಳೆದು ಚಿತ್ರವನ್ನು ಉಬ್ಬಿಸುವುದು. ಈ ಬಗೆಯ ಕೆಲಸವನ್ನು ಇಂದಿನ ಕುಶಲಿಗಳು ಮಾಡುವುದನ್ನು ಮಿತ್ರರೊಬ್ಬರ ಕಾರ್ಯಶಾಲೆಯಲ್ಲಿ ಕಣ್ಣಾರೆ ಕಂಡೆನು. ತಿಗುರಿಯಿಲ್ಲದೆ, ಮಣ್ಣುಂಡೆಯನ್ನು ಹೆಬ್ಬೆರಳಿನಿಂದ ಒತ್ತಿಯೋ ಮಣ್ಣಿನ ಸುರುಳಿಗಳನ್ನು ಸುತ್ತಿಯೋ ಬಟ್ಟಲನ್ನು ಮಾಡಿ, ಮೈಯನ್ನು ನುಣುಪುಗೊಳಿಸಿ, ತೇವವು ಎಳ್ಳಷ್ಟೂ ಇಲ್ಲದಂತೆ ಒಣಗಿಸುವರು. ಅರಗಿನ ತೆಳುವಾದ ಹಳಕುಗಳನ್ನು ಮದ್ಯಸಾರದಲ್ಲಿ ಕರಗಿಸಿದ ದ್ರವವನ್ನು ಕುಂಚದಲ್ಲಿ ತೆಗೆದುಕೊಂಡು ಚಿತ್ರವನ್ನು ಬರೆಯುವರು. ಮದ್ಯಸಾರವು ಆರಿಹೋಗಿ ಅರಗು ಗಟ್ಟಿಯಾದ ಬಳಿಕ ಒದ್ದೆಯ ಸ್ಪಂಜಿನಿಂದ ಮೈಯನ್ನೆಲ್ಲ ಹಗುರವಾಗಿ ಒರಸುವರು. ಅರಗಿಲ್ಲದ ಕಡೆ ಮಣ್ಣು ನೀರನ್ನು ಕುಡಿದು ಕದಡಿ ಸ್ಪಂಜಿಗೆ ಬರುವುದು. ಅರಗಿದ್ದ ಕಡೆ ಮಣ್ಣು ಕದಲದು. ಹೀಗೆ ಒರಸಿ, ಒಣಗಿಸಿ, ಮತ್ತೆ ಒರಸಿದರೆ ಚಿತ್ರವು ಮೆಲ್ಲಮೆಲ್ಲನೆ ನೆಲದಿಂದ ಮೇಲೇಳುವಂತೆ ಕಾಣುವುದು. ನಿಜವಾಗಿ ಚಿತ್ರವು ಏಳುವುದಿಲ್ಲ, ನೆಲವು ಇಳಿಯುವುದು. ನಡುವೆ ಮತ್ತೊಮ್ಮೆ ಅರಗನ್ನು ಬೇರೆ ಸ್ಥಳದಲ್ಲಿ ಬಳಿದರೆ ಎರಡು ಮೂರು ಅಂತಸ್ತುಗಳೂ ಆಗುವುವು.

ಮಣ್ಣು ಚೆನ್ನಾಗಿ ಒಣಗಿರಬೇಕೆಂಬುದೇಕೆ? ಅರೆಯೊಣಗಿದ ಮಣ್ಣು ನೀರಿಗೆ ಬೇಗ ಕದಡದು. ಪೂರ್ಣವಾಗಿ ಒಣಗಿದ ಮಣ್ಣು ಕ್ಷಣದಲ್ಲಿ ಬಿಚ್ಚಿಕೊಳ್ಳುವುದು. ಹಳ್ಳಿಯಲ್ಲಿ ಬಿಸಿಲಿಗೆ ಒಣಗಿದ ಹಸಿಯಿಟ್ಟಿಗೆಯ ಮೇಲೆ ಮಳೆ ಬಿದ್ದುದನ್ನು ನೋಡಿದವರಿಗೆ ಇದು ಹೊಸದಲ್ಲ. ಹಾಗೆಂದು ಒಂದೇ ಸಲ ಹೆಚ್ಚು ನೀರು ಹಿಡಿಸಿದರೆ ಬಟ್ಟಲು ಸೀಳುವುದು, ಇಲ್ಲವೆ ಕುಸಿಯುವುದು. ಮೇಣಕ್ಕಿಂತ ಅರಗೇ ಈ ಕೆಲಸಕ್ಕೆ ಮೇಲೆಂದು ನನ್ನ ಮಿತ್ರರ ಅನುಭವ. 'ಮೇಣವು ಒರಸಾಟಕ್ಕೆ ಎದ್ದುಬರುವುದು, ಅರಗು ಮಣ್ಣಿಗೆ ಇಳಿದು ಹಿಡಿದುಕೊಳ್ಳುವುದು' ಎಂದರು. ಮರಳು ಬೆರೆತ ಮಣ್ಣಾದರೆ ನುಣ್ಣನೆಯ ಭಾಗವು ತೊಳೆದುಹೋಗಿ ಇಳಿದ ನೆಲವು ತರಿತರಿಯಾಗುವುದು. ಪಿಂಗಾಣಿಯ ಮಣ್ಣಾದರೆ ನೆಲವು ನುಣ್ಣಗಿದ್ದು, ತೆಳುವಾದೆಡೆ ಬೆಳಕು ಹಾಯುವುದು. ನಾರ್ವೆ ದೇಶದ ಆರ್ನೆ ಓಸೆ ಎಂಬವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಗುಣವನ್ನೇ ಹಿಡಿದು ಪಿಂಗಾಣಿಯ ಬಟ್ಟಲುಗಳನ್ನು ಮಾಡಿ ಹೆಸರಾದರು. ಈ ಕೆಲಸದ ಗುರುತು ಸ್ಪಷ್ಟ: ಚಿತ್ರದ ಮೇಲ್ಮೈಯಲ್ಲಿ ಮೊದಲಿನ ನುಣುಪು ಹಾಗೆಯೇ ಇರುವುದು, ಇಳಿಜಾರಿನಲ್ಲಿ ಅಲಗಿನ ಗೀರಿರದು, ಬುಡವು ನದಿಯ ದಂಡೆಯಂತೆ ಮೃದುವಾಗಿ ಬಾಗಿರುವುದು.

ಇದನ್ನು ಕಂಡಾಗ ನನ್ನಂತಹ ಸಂಸ್ಕೃತಪಾಠಶಾಲೆಯವನಿಗೆ ಮೊದಲು ಹೊಳೆದುದು ಅರಗಿನ ಹೆಸರುಗಳು. ಅಥರ್ವವೇದದ ಐದನೆಯ ಕಾಂಡದಲ್ಲಿ ಲಾಕ್ಷೆಯನ್ನು ಗಾಯ ಮಾಯಿಸುವ ದೇವತೆಯೆಂದು ಸಂಬೋಧಿಸುವ ಸೂಕ್ತವೇ ಇದೆ. ಕೋಶಗಳಲ್ಲಿ ಜತು, ಯಾವ, ದ್ರುಮಾಮಯ ಎಂಬ ಪರ್ಯಾಯಗಳಿವೆ. ದ್ರುಮಾಮಯವೆಂದರೆ ಮರದ ರೋಗ, ಕೀಟವು ಕೊಂಬೆಯ ಮೇಲೆ ಕಟ್ಟುವ ಈ ವಸ್ತುವಿಗೆ ಒಪ್ಪುವ ಹೆಸರು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯನ್ನು ಅರಿಯದ ಕನ್ನಡಿಗರಿಲ್ಲ. ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗಳಿಗೆ ಬಣ್ಣದ ಅರಗನ್ನು ಹಿಡಿಸುವುದು ಇಂದಿಗೂ ನಡೆದಿದೆ. ಮೇಣಕ್ಕೂ ಮಧೂಚ್ಛಿಷ್ಟ, ಸಿಕ್ಥಕ ಎಂಬ ಹೆಸರುಗಳುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೇಣದ ಪ್ರತಿಮೆಯ ಸುತ್ತ ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಬರಿದಿನಲ್ಲಿ ಲೋಹವನ್ನೆರೆಯುವ ವಿಧಾನವನ್ನು ವಿವರಿಸಿರುವನು. ಅಲ್ಲಿ ಮಣ್ಣು ಮೇಣವನ್ನು ಮುಚ್ಚುವುದು. ಪ್ರತಿಬಂಧಲೇಪದಲ್ಲಿ ಮೇಣವು ಮಣ್ಣನ್ನು ಮುಚ್ಚುವುದು. ಎರಡೂ ಕಡೆ ಮೇಣವು ಕಡೆಗೆ ಇಲ್ಲವಾಗಿ ತನ್ನ ಆಕಾರವನ್ನು ಬಿಟ್ಟುಹೋಗುವುದು.

ಮತ್ತೊಂದು ಸಂಗತಿಯೂ ಗಮನಾರ್ಹ. ಅರಗು ನೀರಿನಲ್ಲಿ ತಾನಾಗಿ ಕರಗದು. ಆದರೆ ಜೈನ ಗ್ರಂಥಭಂಡಾರಗಳ ಲಿಪಿಕಾರರು ಅರಗನ್ನು ಟಂಕಣ, ಲೋಧ್ರಗಳೊಡನೆ ಕುದಿಸಿ, ದೀಪದ ಕಾಡಿಗೆಯನ್ನು ಸೇರಿಸಿ, ನೀರಿಗೆ ಅಳಿಯದ ಮಸಿಯನ್ನು ಮಾಡುತ್ತಿದ್ದರು. ಹೀಗೆ ಕುಂಚಕ್ಕೊದಗುವ ಅರಗಿನ ದ್ರವವೂ ನಮ್ಮವರಿಗೆ ತಿಳಿದಿತ್ತು. ದ್ರವ್ಯವಿತ್ತು, ಅದನ್ನು ತೆಳುಮಾಡುವ ಉಪಾಯವಿತ್ತು, ಮಣ್ಣಿನ ಕಸುಬು ಸಹಸ್ರಾರು ವರ್ಷಗಳದು. ಇವು ಮೂರನ್ನೂ ಒಂದೆಡೆ ಕೂಡಿಸಿ, ಅರಗಿನ ಉಬ್ಬುಚಿತ್ರವು ಭಾರತೀಯರ ಪ್ರಾಚೀನವಿದ್ಯೆಯೆಂದು ಬರೆದರೆ ಚಪ್ಪಾಳೆಗೆ ಕೊರತೆಯಾಗದು. ಬರೆಯಲು ಕೈ ತುರಿಸಿತೆಂಬುದನ್ನೂ ಮುಚ್ಚಿಡಲಾರೆ.

ಆದರೆ ಅದಕ್ಕೆ ಪ್ರಮಾಣವಿಲ್ಲ. ಕಾರಣಸಾಮಗ್ರಿಯಿದ್ದ ಮಾತ್ರಕ್ಕೆ ಕಾರ್ಯವು ಸಿದ್ಧಿಸದು. ದಂಡಚಕ್ರಗಳಿದ್ದರೂ ಕುಂಬಾರನು ಮಾಡದಿದ್ದರೆ ಘಟವಿಲ್ಲವೆಂಬುದು ತರ್ಕದ ಮೊದಲ ಪಾಠ. ಅಷ್ಟೇ ಅಲ್ಲ, ನಮ್ಮ ಕುಂಬಾರನು ಇದನ್ನು ಮಾಡದಿರಲು ಬಲವಾದ ಕಾರಣವೂ ಇದ್ದಿತು. ನೀರಿನ ಕೊಡವನ್ನು ಅವನು ಒಳಗೆ ಕಲ್ಲನ್ನು ಕೊಟ್ಟು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡುವನು. ತೆಳ್ಳಗಿದ್ದರೆ ಹೊರಲು ಹಗುರ, ನೀರೂ ತಂಪು. ಅಂತಹ ಗೋಡೆಯನ್ನು ಮತ್ತೆ ನೀರಿನಿಂದ ಒರಸಿ ಸವೆಯಿಸುವುದೆಂದರೆ ಕೊಡವನ್ನು ಒಡೆಯುವುದೇ. ಮಣ್ಣಿಗೆ ಬಿರುಕು ಬಾರದಿರಲೆಂದು ಮರಳನ್ನೋ ಬೂದಿಯನ್ನೋ ಸೇರಿಸುವುದರಿಂದ ತೊಳೆದ ನೆಲವು ನುಣ್ಣಗೂ ಇರದು. ಅರಗಾದರೋ ಬಳೆಗಾರ, ಬೊಂಬೆಗಾರ, ಅಕ್ಕಸಾಲಿಗಳು ಕ್ರಯಕೊಟ್ಟು ಕೊಳ್ಳುತ್ತಿದ್ದ ಸರಕು. ಕೆಲವೇ ಕಾಸಿಗೆ ಮಾರುವ ಕುಡಿಕೆಯ ಮೇಲೆ ಅದನ್ನು ಬಳಿದು ಸುಟ್ಟುಹಾಕುವ ಕುಂಬಾರನು ಸಂತೆಯಿಂದ ಬರಿಗೈಯಲ್ಲಿ ಹಿಂತಿರುಗಬೇಕಾದೀತು. ಅಲಂಕಾರ ಬೇಕಾದಾಗ ಅವನು ಹಸಿಮಣ್ಣಿನ ಮೇಲೆ ಹಗ್ಗವನ್ನೊತ್ತಿದನು, ಬೆರಳಿನಿಂದ ಅಂಚನ್ನು ಚಿವುಟಿದನು, ಜಾಜನ್ನೂ ಸುಣ್ಣವನ್ನೂ ಬಳಿದನು. ಇವೆಲ್ಲ ಉಖೆಯನ್ನು ಮಾಡಿದವರ ದಾರಿಯೇ.

ಮಿತ್ರರ ಕಾರ್ಯಶಾಲೆಯಲ್ಲಿ ನಾನೂ ಮೂರು ಸಣ್ಣ ಬಟ್ಟಲುಗಳನ್ನು ಒತ್ತಿ ಮಾಡಿದೆನು. ಮದ್ಯಸಾರವನ್ನು ಮುಟ್ಟಲು ಸಂಕೋಚಪಟ್ಟು ಮೊದಲನೆಯದಕ್ಕೆ ಅರಗನ್ನು ಬಿಸಿಮಾಡಿಯೇ ಹಚ್ಚಹೋದೆ. ಅದು ಹರಡದೆ ಗಂಟುಗಟ್ಟಿತು. ಎರಡನೆಯದನ್ನು ಆತುರದಿಂದ ಒರಸಿ ಸೀಳಿದೆನು. ಮೂರನೆಯದು ಉಳಿದು ಆವಿಗೆಯಿಂದ ಬಂದಿತು. ಅದರ ಹೊರಮೈಯಲ್ಲಿ ಒಂದನ್ನೊಂದು ದಾಟುವ ಎರಡು ಉಬ್ಬುಗೆರೆಗಳಿವೆ. ದಾಟುವೆಡೆಯಲ್ಲಿ ಎತ್ತರವು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಉಪನ್ಯಾಸದ ಹಳೆಯ ಕರಡಿನಲ್ಲಿ ಬ್ರಹ್ಮಗಿರಿಯ ಗೆರೆಗಳನ್ನು ಕುರಿತು 'ಮೇಣದಿಂದ' ಎಂದಿದ್ದುದನ್ನು ಹೊಡೆದುಹಾಕಿ 'ಬಿಳಿಯ ಮಣ್ಣಿನಿಂದ' ಎಂದು ತಿದ್ದಿ, ಆ ವಿದ್ಯಾರ್ಥಿಗೆ ಒಂದು ಪ್ರತಿಯನ್ನು ಕಳುಹಿಸಿದ್ದೇನೆ.